ನನ್ನ ಕಾಲನ್ನು ಬಾಗಿಲಲ್ಲೇ ತಡೆದ ವೆಂಕಟರಮಣಸ್ವಾಮಿ

ಕಳೆದ ಮಾಘದಲ್ಲಿ ನಮ್ಮ ಮಗಳು ಚೈತ್ರಾಳಿಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಅಸ್ಥಿಮಜ್ಜೆ ಕಸಿ ಆಯಿತು. ನಮ್ಮದು ದಿಬ್ಬೂರಹಳ್ಳಿ, ರೇಷ್ಮೆ ಹುಳ ಸಾಕುವ ಮನೆತನ. ಸೋಮವಾರ ಬಿಡುಗಡೆ ಎಂದ ಡಾಕ್ಟರು ಇನ್ನೊಂದು ಮಾತು ಸೇರಿಸಿದರು: "ಊರಿಗೆ ಕರ್ಕೊಂಡ್ ಹೋಗ್ಬೇಡಿ. ಮೂರು ತಿಂಗಳು ಇಲ್ಲೇ ಹತ್ರ ಶುಚಿಯಾದ ಮನೆ ಮಾಡಿ, ಲಾಡ್ಜ್ ಬೇಡ. ಸಣ್ಣ ನೆಗಡಿ ಹತ್ತಿದ್ರೂ ಮಗೂಗೆ ಅಪಾಯ."

ಹೇಳುವುದು ಸುಲಭ, ಬಂಧುಗಳೇ. ಆಸ್ಪತ್ರೆ ಇರುವುದು ಶ್ರೀಮಂತರ ಬಡಾವಣೆಯಲ್ಲಿ. ನಮ್ಮ ಯಜಮಾನರನ್ನು ಮಗಳ ಹತ್ತಿರ ಕೂರಿಸಿ ನಾನು ಬ್ರೋಕರ್ ಮಂಜಣ್ಣನ ಹಿಂದೆ ಬೀದಿ ಬೀದಿ ಅಲೆದೆ. ಒಬ್ಬರು ಹತ್ತು ತಿಂಗಳ ಅಡ್ವಾನ್ಸ್ ಕೇಳಿದರು. ಬರೀ ಮೂರು ತಿಂಗಳಿಗೆ ಎಂದ ಕೂಡಲೇ ಇನ್ನೊಬ್ಬರು ಬಾಡಿಗೆಯನ್ನೇ ಏರಿಸಿದರು. ನಾಯಿಗೆ ಜಾಗವಿದ್ದ ಮನೆಯಲ್ಲೂ ಕಾಯಿಲೆ ಮಗುವಿಗೆ ಜಾಗವಿರಲಿಲ್ಲ.

"ಆಸ್ಪತ್ರೆ ಸುದ್ದಿ ಎತ್ತಬೇಡ್ರಮ್ಮ" ಅಂದ ಮಂಜಣ್ಣ. ಸುಳ್ಳು ಹೇಳಿ ಮನೆ ಹಿಡಿದು, ಆಮೇಲೆ ಮಗುವನ್ನು ಹೊರಗೆ ಹಾಕಿದರೆ ಎಲ್ಲಿಗೆ ಹೋಗಲಿ?

ಭಾನುವಾರ ಬಸ್ ಸ್ಟಾಪಿನಲ್ಲಿ ಕೂತು, ಜನ ನೋಡುತ್ತಿದ್ದರೂ ಅತ್ತುಬಿಟ್ಟೆ. "ವೆಂಕಟರಮಣ, ಪ್ರಾಣ ಉಳಿಸಿಕೊಟ್ಟು ಸೂರು ಕೊಡದಿದ್ದರೆ ಏನಪ್ಪಾ ಅರ್ಥ?" ಎಂದು ಮನೆದೇವರ ಜೊತೆ ಜಗಳವನ್ನೇ ಆಡಿದೆ.

ಸಂಜೆ ಮಂಜಣ್ಣ ಕೊನೆಯ ಅಪಾರ್ಟ್‌ಮೆಂಟಿಗೆ ಕರೆದುಕೊಂಡು ಹೋದ. ಬಾಡಿಗೆ ಎಲ್ಲಕ್ಕಿಂತ ಹೆಚ್ಚು, ಸುಮ್ಮನೆ ನೋಡಿ ಬರೋಣ ಎಂದ. ಪಕ್ಕದ ಮನೆಯಲ್ಲೇ ಇದ್ದ ಒಡತಿ, ವಯಸ್ಸಾದವರು, ಬಂದು ಬೀಗ ತೆಗೆದರು. ಒಳಗಿಂದ ಬ್ಲೀಚಿಂಗ್ ಪೌಡರ್ ವಾಸನೆ ಗಪ್ಪನೆ ಹೊಡೆಯಿತು. ಥೇಟ್ ಬ್ಲೀಚಿಂಗ್ ಹಾಕಿ ತೊಳೆದ ನಮ್ಮ ರೇಷ್ಮೆ ಹುಳದ ಮನೆಯ ವಾಸನೆ! ನನ್ನ ಕಾಲು ತಾನಾಗಿ ಹೊಸ್ತಿಲ ಹೊರಗೇ ನಿಂತಿತು.

"ಒಂದ್ ಚೊಂಬು ನೀರು ಕೊಡ್ತೀರಾ ಅಮ್ಮ? ಕೈಕಾಲು ತೊಳ್ಕೊಂಡ್ ಬರ್ತೀನಿ" ಎಂದುಬಿಟ್ಟೆ.

"ಅಯ್ಯೋ, ಇದು ಅಪಾರ್ಟ್‌ಮೆಂಟ್ ಕಣಮ್ಮ!" ಎಂದು ಮಂಜಣ್ಣ ಹಣೆ ಚಚ್ಚಿಕೊಂಡ. ಇದ್ದ ಒಂದು ದಾರಿಯನ್ನೂ ನಾನೇ ಮುಚ್ಚಿಕೊಂಡೆ ಅನ್ನಿಸಿ ನಾಚಿಕೆಯಾಯಿತು.

ಆ ಅಮ್ಮ ನಗಲಿಲ್ಲ. ಯಾಕೆಂದು ಕೇಳಿದರು. ತೊಳೆಯದೆ ಒಳಗೆ ಹೋದರೆ ಹುಳಕ್ಕೆ ರೋಗ ಹತ್ತುತ್ತದೆ, ಅದಕ್ಕೇ ಅಭ್ಯಾಸ ಎಂದೆ. ಮಗಳ ವಿಷಯವನ್ನೂ ಮುಚ್ಚಿಡದೆ ಹೇಳಿದೆ.

ಅವರ ಕಣ್ಣು ತುಂಬಿತು. "ನಮ್ಮೆಜಮಾನ್ರು ಕಾಯಿಲೆ ಬಿದ್ದು ಇದೇ ಮನೇಲಿ ಮಲಗಿದ್ರು. ಕೈ ತೊಳ್ಕೊಂಡ್ ಬನ್ನಿ ಅಂತ ಬಂದವರನ್ನೆಲ್ಲ ಬೇಡ್ಕೊಂಡೆ, ಯಾರೂ ಕೇಳ್ಲಿಲ್ಲ. ಅವ್ರು ಹೋದ್ಮೇಲೂ ದಿನಾ ತೊಳೀತಾನೇ ಇದೀನಿ. ಯಾರೂ ಬರದೆ ಇರ್ಲಿ ಅಂತಾನೇ ಬಾಡಿಗೆ ಜಾಸ್ತಿ ಹೇಳ್ತಿದ್ದೆ. ನೀನು ಕೈಲಾದಷ್ಟು ಕೊಡಮ್ಮ. ನಾಳೆ ಮಗೂನ ಕರ್ಕೊಂಡ್ ಬಾ."

ಚೈತ್ರಾ ಈಗ ಊರಿನಲ್ಲಿದ್ದಾಳೆ. ತಪಾಸಣೆ ಇನ್ನೂ ಮುಗಿದಿಲ್ಲ. ಪ್ರತಿ ಸಲ ರಿಪೋರ್ಟ್ ಬರುವವರೆಗೆ ನನ್ನ ಜೀವ ಬಾಯಿಗೆ ಬರುತ್ತದೆ, ನನ್ನ ಕೈಯಲ್ಲಿ ಏನೂ ಇಲ್ಲ. ಆಗೆಲ್ಲ ಆ ಮನೆಯ ಮೊದಲ ಸಂಜೆಯನ್ನು ನೆನೆಯುತ್ತೇನೆ. ಮಗುವನ್ನು ನೋಡಲು ಬಂದ ಆ ಅಮ್ಮ ತಮ್ಮದೇ ಮನೆಯ ಹೊಸ್ತಿಲಾಚೆ ನಿಂತು, "ರತ್ನಮ್ಮ, ಒಂದ್ ಚೊಂಬು ನೀರು ತಾರಮ್ಮ" ಎಂದು ನನ್ನನ್ನು ಕೂಗಿದ್ದರು. ಅವರ ಕಾಲಿಗೆ ನೀರು ಹಾಕುವಾಗ ನನಗೆ ಸ್ವಾಮಿಯ ಪಾದವನ್ನೇ ತೊಳೆದಂತಾಯಿತು.