ಮುಟ್ಟಬಾರದ ನೀರು

ಕೈ ತೊಳೆಯೋ ಬಾನಿಯ ಮೇಲೆ ‘ನೀರು ಮುಟ್ಟಬೇಡಿ’ ಅಂತ ಹಲಗೆ ನೇತುಹಾಕಿದ್ದರು. ಇದನ್ನ ಬರೆದವನ ತಲೆಯೊಳಗೆ ಏನಿತ್ತು ಅಂತ ಶಿಗೆನೋ ಅಜ್ಜಿ ಮೂರು ವರ್ಷದಿಂದ ಊರವರನ್ನೆಲ್ಲ ಕೇಳಿದ್ದಳು.

ಸುಗಿಮೊರಿ ಗುಡಿಗೆ ನಾನೂರು ವರ್ಷ. ಅಲ್ಲಿ ಬಾನಿಯ ನೀರಲ್ಲಿ ಕೈ, ಬಾಯಿ ತೊಳೆದೇ ದೇವರ ಮುಂದೆ ಹೋಗಬೇಕು. ಕಲ್ಲುಬಾನಿಯ ಅಂಚು ಜನ ಕೈ ಊರಿ ಊರಿ ಸವೆದಿದೆ. ಆ ಬಾನಿಗೆ ಬಿದಿರಿನ ಸೌಟು ಮಾಡಿಕೊಡುತ್ತಿದ್ದವಳು ಶಿಗೆನೋ. ಅಪ್ಪನ ಕತ್ತಿ, ಅಪ್ಪನ ಕೈಚಳಕ. ಪ್ರತಿ ಹೊಸ ವರ್ಷಕ್ಕೆ ಆರು ಸೌಟು, ನಲವತ್ತೊಂದು ವರ್ಷ ಒಂದು ಸಲವೂ ತಪ್ಪಿಸಿರಲಿಲ್ಲ. ಸಾಂಕ್ರಾಮಿಕ ಬಂದ ವರ್ಷ ಸೌಟು ತೆಗೆದರು. ಸರಿ, ಆಗ ಎಲ್ಲರಿಗೂ ಜೀವಭಯ. ಕಾಯಿಲೆ ಹೋಯಿತು, ಸೌಟು ಮಾತ್ರ ವಾಪಸ್ ಬರಲಿಲ್ಲ. ಗುಡಿ ಸಮಿತಿಯ ಮುಖ್ಯಸ್ಥ ಕುರಮೋಚಿ ನೀರು ಬರದ ಹಾಗೆ ನಲ್ಲಿಯ ಬಾಯಿ ಕಟ್ಟಿ, ಬಾನಿ ತುಂಬ ಡೇಲಿಯಾ ಹೂ ತೇಲಿಬಿಟ್ಟ. ದೂರದೂರದಿಂದ ಹುಡುಗಿಯರು ಬಂದು ಫೋಟೋ ಹೊಡೆದುಕೊಂಡು ಹೋಗತೊಡಗಿದರು. ದೇವರ ಕಡೆ ತಿರುಗಿಯೂ ನೋಡದೆ ಹೋದವರೇ ಹೆಚ್ಚು.

“ಅಕ್ಕ, ಒಂದೇ ಸೌಟನ್ನ ಎಲ್ಲರೂ ಹಿಡಿಯೋದು ಗಲೀಜು. ಇಗೋ, ಈ ಸೀಸೆ ಒತ್ತಿ, ಕೈಗೆ ಹಚ್ಚಿಕೊಳ್ಳಿ” ಅಂದಿದ್ದ ಕುರಮೋಚಿ.

“ದೇವರ ಮುಂದೆ ಆಸ್ಪತ್ರೆ ವಾಸನೆ ಹೊಡೀತಾ ನಿಲ್ಲಲಾ?” ಅಂತ ಕೇಳಿ ಹೊರಟವಳು ಮತ್ತೆ ಗುಡಿಯೊಳಕ್ಕೆ ಕಾಲಿಡಲಿಲ್ಲ. ಮನೇಲೇ ತೊಳಕೊಂಡು ಬನ್ನಿ ಅಂದವರಿಗೆ, “ದಾರೀಲಿ ಬಸ್ಸಿನ ಕಂಬಿ ಹಿಡೀಬೇಕಲ್ಲ, ಅದನ್ನ ನೀವು ತೊಳೀತೀರಾ?” ಅನ್ನುತ್ತಿದ್ದಳು. ಕಲ್ಲಿನ ತೋರಣಬಾಗಿಲ ಹೊರಗೇ ನಿಂತು ತಲೆಬಾಗಿ ಹೋಗುತ್ತಿದ್ದಳು. ಅಜ್ಜಿಗೂ ದೇವರಿಗೂ ಜಗಳವಂತೆ ಅಂತ ಊರವರು ನಗಾಡಿದರು. ಜಗಳ ದೇವರ ಜೊತೆ ಅಲ್ಲ ಅಂತ ಯಾರಿಗೆ ಹೇಳುವುದು.

ಈ ವಸಂತದಲ್ಲಿ ಮಗಳು ಮಿನೇಕೊಗೆ ಎದೆಯ ಆಪರೇಷನ್ ಆಯಿತು. ಅವತ್ತೂ ಶಿಗೆನೋ ನಿಂತಿದ್ದು ಬಾಗಿಲ ಹೊರಗೇ. “ಇವಳನ್ನ ಉಳಿಸಿಕೊಡು. ಕೈ ತೊಳೆದು, ಇವಳನ್ನ ಕರಕೊಂಡು, ನಿನ್ನ ಮುಂದೆ ಬಂದು ನಿಲ್ತೀನಿ” ಅಂತ ಮಾತು ಕೊಟ್ಟಳು. ಮಗಳು ಉಳಿದಳು. ಈಗ ಎರಡು ದಿನಕ್ಕೆ ಅಂತ ತವರಿಗೆ ಬಂದಿದ್ದಾಳೆ, ನಾಳೆ ಹೊರಡುತ್ತಾಳೆ. ಕೊಟ್ಟ ಮಾತು ಹಾಗೇ ಉಳಿದಿದೆ.

ಬೆಳಿಗ್ಗೆ ಎದ್ದವಳೇ ಅಪ್ಪನ ಕತ್ತಿ ತೆಗೆದು ಒಂದು ಸೌಟು ಮಾಡಿದಳು. ಮಗಳ ಜೊತೆ ಗುಡಿಗೆ ಹೋದರೆ ಕುರಮೋಚಿ ಬಾನಿಯ ಮುಂದೆ ನಿಂತು ಹೂ ಜೋಡಿಸುತ್ತಿದ್ದ. ಹಿಂದೆ ಏಳೆಂಟು ಜನ ಫೋನು ಹಿಡಿದು ಕಾಯುತ್ತಿದ್ದರು.

“ತದಾ, ಸ್ವಲ್ಪ ಆಚೆ ಸರಿ” ಅಂದಳು. ಕುರಮೋಚಿ ಅನ್ನೋ ಮನೆತನದ ಹೆಸರು ಬಿಟ್ಟು ಅವನನ್ನು ಹೀಗೆ ಹೆಸರು ಹಿಡಿದು ಕರೆಯೋರು ಊರಲ್ಲಿ ಇನ್ನು ಉಳಿದಿರುವುದು ಇವಳೊಬ್ಬಳೇ.

“ಅಕ್ಕ, ಸಮಿತೀಲಿ ತೀರ್ಮಾನ ಆಗಿದೆ.”

“ನಿನ್ನ ಸಮಿತಿ ನನ್ನ ಮಗಳನ್ನ ಉಳಿಸಲಿಲ್ಲ. ಉಳಿಸಿದೋನು ಒಳಗಿದ್ದಾನೆ. ಕೊಳಕು ಕೈಯಲ್ಲಿ ಹೋಗು ಅಂತೀಯಾ?”

ಹಾಗಂದವಳೇ ಹೂಗಳನ್ನು ಬೊಗಸೆ ಬೊಗಸೆ ಎತ್ತಿ ಅವನ ತೋಳಿಗೆ ತುಂಬಿದಳು. ಹೂವಿನದೇನು ತಪ್ಪು, ಒಂದು ಎಸಳೂ ನೆಲಕ್ಕೆ ಬೀಳಿಸಲಿಲ್ಲ. ಹಲಗೆ ತೆಗೆದು ಗೋಡೆಗೆ ಮುಖ ಮಾಡಿ ಇಟ್ಟಳು. ನಲ್ಲಿಯ ಕಟ್ಟು ಬಿಚ್ಚಿದಳು. ನೀರು ಬಂತು.

ಸೌಟಿನಲ್ಲಿ ನೀರು ಎತ್ತಿ ಎಡಗೈ ತೊಳೆದಳು, ಬಲಗೈ ತೊಳೆದಳು, ಎಡ ಅಂಗೈಯಲ್ಲಿ ನೀರು ಹಿಡಿದು ಬಾಯಿ ಮುಕ್ಕಳಿಸಿದಳು. ಕೊನೆಗೆ ಸೌಟನ್ನು ನೆಟ್ಟಗೆ ನಿಲ್ಲಿಸಿದಳು. ಉಳಿದ ನೀರು ಹಿಡಿಯ ಮೇಲೆ ಇಳಿದು, ಅವಳ ಕೈ ತಾಗಿದ ಜಾಗವನ್ನೆಲ್ಲ ಮುಂದಿನವರಿಗಾಗಿ ತೊಳೆಯಿತು. ಮಿನೇಕೊ ಕೂಡ ಹಾಗೇ ಮಾಡಿದಳು. ಕಾಯುತ್ತಿದ್ದವರು ಫೋನು ಜೇಬಿಗಿಟ್ಟು ಕೈ ತೊಳೆಯಲು ಸಾಲಾಗಿ ನಿಂತರು.

ಇಷ್ಟು ಜನರ ಎದುರು ಸುಮ್ಮನೆ ನಿಲ್ಲುವುದು ಕುರಮೋಚಿಗೆ ಸರಿಕಾಣಲಿಲ್ಲ. ಹೂ ಕೆಳಗಿಟ್ಟು, ಸೌಟು ತೆಗೆದುಕೊಂಡು, ಕೈ ತೊಳೆದ, ಬಾಯಿ ಮುಕ್ಕಳಿಸಿದ. ಸೌಟನ್ನು ಹಾಗೇ ಬಾನಿಯ ಮೇಲೆ ಇಟ್ಟುಬಿಟ್ಟ.

“ತದಾ, ಸೌಟಿನ ಹಿಡಿ ತೊಳೀಲಿಲ್ಲ ನೀನು” ಅಂದಳು ಶಿಗೆನೋ. “ಗಲೀಜು ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು.”

ಅವನು ಕಿವಿವರೆಗೂ ಕೆಂಪಾಗಿ ಸೌಟನ್ನು ಮತ್ತೆ ಎತ್ತಿಕೊಂಡ. ತಾಯಿ ಮಗಳು ದೇವರ ಮುಂದೆ ನಿಂತು ವಾಡಿಕೆಯಂತೆ ಎರಡು ಸಲ ಕೈ ತಟ್ಟಿದಾಗಲೂ ಅವನು ಹಿಡಿ ತೊಳೆಯುತ್ತಲೇ ಇದ್ದ.