ತಿಪ್ಪವ್ವನ ಮುಳ್ಳುಸಜ್ಜೆ

ತಿಪ್ಪವ್ವನನ್ನು ನಾನು ಮೊದಲು ನೋಡಿದ್ದು ಮೂರು ವರ್ಷದ ಹಿಂದೆ, ಭಾದ್ರಪದದ ಒಂದು ಸಂಜೆ. ಬಿ.ಎಸ್ಸಿ ಮುಗಿಸಿ ಬೆಳೆ ಸಮೀಕ್ಷೆಯ ಕೆಲಸಕ್ಕೆ ಹೊಳೆಮಣ್ಣೂರಿಗೆ ಹೋಗಿದ್ದೆ. ಸಜ್ಜೆ ಹೊಲದ ಅಂಚಿಗೆ, ನಾಲ್ಕು ಗೂಟದ ಅಟ್ಟದ ಮೇಲೆ ಹಸಿರು ಇಳಕಲ್ ಸೀರೆಯ ಮುದುಕಿ ನಿಂತಿದ್ದಳು. ಕೈಯಲ್ಲಿ ಕವಣೆ. "ಹೋಓ" ಎಂದು ಒಮ್ಮೆ ಕೂಗುವುದು, ಆಮೇಲೆ ಹೊಲದ ಆಚೆ ಬದುವಿನ ಕಡೆ ಕಿವಿಗೊಟ್ಟು ಕಾಯುವುದು. ಆಚೆ ಬದುವಿನಲ್ಲಿ ಯಾರೂ ಇರಲಿಲ್ಲ. ಹಕ್ಕಿಗಳೂ ಇರಲಿಲ್ಲ. ಅಲ್ಲೊಂದು ಇಲ್ಲೊಂದು ಬೋಳು ತೆನೆ ಬಿಟ್ಟರೆ ಉಳಿದ ತೆನೆಗಳ ತುಂಬ ಉದ್ದುದ್ದ ಮುಳ್ಳು. ಅಂಥದರ ಮೇಲೆ ಹಕ್ಕಿ ಕೂಡುವುದೇ ಅಪರೂಪ.

"ಯಾರನ್ನ ಕೂಗಾಕತ್ತೀರಿ ಯವ್ವಾ?"

"ಅದನ್ನೂ ನಿನ್ನ ಮೊಬೈಲಿನ್ಯಾಗ ಬರಕೋಬೇಕೇನ ತಂಗಿ?"

ಆಮೇಲೆ ಅವಳೇ ಹೇಳಿದಳು: ಆಚೆ ಬದು ಅವಳ ನೆಗೆಣ್ಣಿ ಕಲ್ಲವ್ವನದು. ಇಬ್ಬರೂ ಒಂದೇ ವರ್ಷ ಆ ಮನೆಗೆ ಸೊಸೆಯಾಗಿ ಬಂದವರು. ಒಬ್ಬಳು ಈಚೆಯಿಂದ ಕೂಗಿದರೆ ಇನ್ನೊಬ್ಬಳು ಆಚೆಯಿಂದ ಓಗೊಡುತ್ತಿದ್ದಳು. ಹೊಳೆ ಉಕ್ಕಿ ಊರೊಳಗೆ ಬಂದ ವರ್ಷ ಎಲ್ಲರೂ ಟ್ರ್ಯಾಕ್ಟರ್ ಹತ್ತಿದ್ದರು. ಈ ಮುಳ್ಳುಸಜ್ಜೆಯ ಬೀಜದ ತೆನೆಗಳ ಕಟ್ಟು ಒಲೆಯ ಮೇಲೆ ಹೊಗೆಗೆ ತೂಗುಹಾಕಿದ್ದು ತಿಪ್ಪವ್ವನಿಗೆ ನೆನಪಾಯಿತು.

"ಹೋಗು ಅನ್ಲಿಲ್ಲ ನಾ. ಬೀಜ ಒಳಗ ಐತಲ್ಲ ಅಂದೆ, ಅಷ್ಟ."

ಕಲ್ಲವ್ವ ಇಳಿದು ಓಡಿದಳು. ಕಟ್ಟನ್ನು ಬಾಗಿಲಿಂದ ಹೊರಗೆ ಎಸೆದಳು. ಅಷ್ಟರಲ್ಲಿ ಮಣ್ಣಿನ ಗೋಡೆ ಅವಳ ಮೇಲೆ ಬಿತ್ತು.

ಮರುವರ್ಷ ನಾನು ಹೋದಾಗ ಆ ಹೊಲದ ಅರ್ಧ ತೆನೆಗಳಿಗೆ ಮುಳ್ಳೇ ಇರಲಿಲ್ಲ. ಬೋಳು ತೆನೆಗಳ ಮೇಲೆ ಗಿಳಿಗಳು ಕೂತು ತಿನ್ನುತ್ತಿದ್ದವು. ತಿಪ್ಪವ್ವ ಕವಣೆ ಬದಿಗಿಟ್ಟು ಅಟ್ಟದ ಕೆಳಗೆ ಕೂತಿದ್ದಳು.

"ತಾ ತಂದದ್ದನ್ನ ತಾನ ತಿರಗಿ ಒಯ್ಯಾಕತ್ಯಾಳವಾ ಕಲ್ಲವ್ವ."

ಪಕ್ಕದವರ ಹೊಲದಲ್ಲಿ ಹೈಬ್ರಿಡ್ ಸಜ್ಜೆ ಇತ್ತು, ಬೋಳು ತೆನೆಯದು. ಸಜ್ಜೆಯ ಹೂವಿನ ಪುಡಿ ಗಾಳಿಗೆ ಹಾರುತ್ತದೆ, ಆ ತಳಿ ಇದಕ್ಕೆ ಬೆರೆತಿದೆ ಎಂದು ಓದಿದ್ದನ್ನೆಲ್ಲ ಹೇಳಿದೆ. ಬೀಜಕ್ಕೆ ಎಂಥ ತೆನೆ ಆರಿಸುತ್ತೀರಿ ಎಂದೂ ಕೇಳಿದೆ.

"ದಪ್ಪನ್ನವು. ಎರಡ ವರ್ಷದಿಂದ ಬೋಳನ್ನವ ದಪ್ಪ ಬರತಾವು."

ಬೆರೆತವು ಅವೇ ಎಂದೆ.

ತಿಪ್ಪವ್ವ ತನ್ನ ಅಂಗೈ ನೋಡಿಕೊಂಡಳು. "ಅಂದ್ರ ಈ ಸಲಾನೂ ನನ್ನಿಂದನ?"

ಮುಳ್ಳಿನವನ್ನಷ್ಟೇ ಆರಿಸಿ, ಬೇರೆ ಸಜ್ಜೆಯಿಂದ ಅರ್ಧ ಕಿಲೋಮೀಟರಾದರೂ ದೂರ ಬಿತ್ತಿದರೆ ಉಳಿಯಬಹುದು ಎಂದೆ. ಸುತ್ತ ಎಲ್ಲರದೂ ಸಜ್ಜೆಯೇ. ಯಾರೂ ಬಿತ್ತದ ಜಾಗ ಒಂದೇ, ಹೊಳೆ ಬಂದ ವರ್ಷ ಎಲ್ಲರೂ ಬಿಟ್ಟುಬಂದ ಹಳೆಯ ಊರು, ಹೊಳೆ ದಂಡೆಯ ಹಾಳೂರು. ಕಲ್ಲವ್ವ ಸತ್ತ ಮೇಲೆ ತಿಪ್ಪವ್ವ ಅತ್ತ ಕಾಲಿಟ್ಟಿರಲಿಲ್ಲ.

ಅವಳು ಕೇಳಿದಳು: "ಆ ಬಿದ್ದ ಮನಿಯೊಳಗ ಬಿತ್ತಿದ್ರ ನಡೀತೈತೇನ?"

ಈಗ ತಿಪ್ಪವ್ವ ಪ್ರತಿ ಆಷಾಢದಲ್ಲಿ ಹಾಳೂರಿನ ಆ ಬಿದ್ದ ಮನೆಯ ಪಾಯದೊಳಗೆ ಸಜ್ಜೆ ಬಿತ್ತುತ್ತಾಳೆ. ತೆನೆ ಬಂದಾಗ ಹೊಸ್ತಿಲ ಮೇಲೆ ಕೂತು ಕಾಯುತ್ತಾಳೆ, ಒಳಮುಖವಾಗಿ ಕೂಗುತ್ತಾಳೆ. ಮುಳ್ಳಿನ ತೆನೆಗಳನ್ನಷ್ಟೇ ಬೀಜಕ್ಕೆ ಇಡುತ್ತಾಳೆ.