ಆರು ಚಿತ್ರಗಳ ಹಲಗೆ

ನಮ್ಮ ಭಾವ ಕೆಟ್ಟವರಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಹೇಳಿದ್ರೆ ನೀವು ನಂಬಲ್ಲ. ಬಟ್ಟೆ ಫ್ಯಾಕ್ಟರಿಯಲ್ಲಿ ಅವರದು ಟೈಮ್ ನೋಡೋ ಕೆಲಸ. ಹೊಲಿಯೋರ ಬೆನ್ನ ಹಿಂದೆ ಸ್ಟಾಪ್‌ವಾಚ್ ಹಿಡ್ಕೊಂಡು ನಿಲ್ಲೋದು, ಒಂದು ಕಾಲರ್ ಹೊಲಿಯೋಕೆ ಕೈ ಎಷ್ಟು ಸಲ ಆಚೆ ಈಚೆ ಓಡಾಡುತ್ತೆ ಅಂತ ಬರ್ಕೊಳ್ಳೋದು, ಬೇಡದ್ದನ್ನ ಕಿತ್ತು ಹಾಕೋದು. ನಾನೂ ಅಲ್ಲೇ ಹೊಲಿಯೋಳು. ನನ್ನ ಕತ್ತರೀನ ಬಲಗಡೆಯಿಂದ ಎಡಗಡೆಗೆ ಇಡಿಸಿ ಮೂರು ಸೆಕೆಂಡು ಉಳಿಸಿದ ಮಹಾನುಭಾವರು. ನಾವು ಹೆಂಗಸರು ಅವರನ್ನ ಸೆಕೆಂಡಪ್ಪ ಅಂತ ಕರೀತಿದ್ವಿ. ಹೆಸರಿಟ್ಟಿದ್ದು ಬೇರೆ ಯಾರೂ ಅಲ್ಲ, ಅವರ ಸ್ವಂತ ನಾದಿನಿ, ನಾನೇ.

ಮನೆಯಲ್ಲೂ ಅದೇ ಕಥೆ. ಒಂದೇ ಬಣ್ಣದ ಆರು ಶರ್ಟು. ವಾರದ ಏಳು ದಿನಕ್ಕೆ ಏಳು ಅಡುಗೆ ಬರೆದು ಗೋಡೆಗೆ ಅಂಟಿಸಿದ್ರು. "ಬೆಳಗೆದ್ದು ಏನು ಹಾಕ್ಕೊಳ್ಲಿ, ಏನು ತಿನ್ನಲಿ ಅಂತ ತಲೆ ಕೆಡಿಸ್ಕೊಂಡ್ರೆ ಕೆಲಸಕ್ಕೆ ತಲೆ ಎಲ್ಲಿ ಉಳಿಯುತ್ತಮ್ಮ?" ಅಂತಿದ್ರು. ತಪ್ಪು ಅನ್ನೋಕಾಗ್ತಿರಲಿಲ್ಲ, ಎಂದೂ ಬಸ್ಸು ತಪ್ಪಿಸ್ಕೊಂಡವರಲ್ಲ ಅವರು.

ಅಕ್ಕ ಇದಕ್ಕೆ ಪೂರಾ ಉಲ್ಟಾ. ಪೋಸ್ಟಾಫೀಸಿನ ಕೌಂಟರಲ್ಲಿ ಕೂರೋಳು. ಅವಳ ಮುಂದಿನ ಸಾಲು ಎಲ್ಲಕ್ಕಿಂತ ನಿಧಾನ, ಆದ್ರೂ ಜನ ಅಲ್ಲೇ ಬಂದು ನಿಲ್ತಿದ್ರು, ಯಾಕಂದ್ರೆ ಅವಳ ಹತ್ರ ಎರಡು ಮಾತು ಸಿಗ್ತಿತ್ತು. ಒಂದು ಸಣ್ಣ ವಿಷಯ ಹೇಳೋಕೆ ಊರೆಲ್ಲ ಸುತ್ತಿಸಿ ತರೋಳು. "ನಿಮ್ಮ ಭಾವ ಮೊದಲು ಹೂಂ ಅಂತಿದ್ರು ಕಣೇ, ಈಗ ಅದರಲ್ಲೂ ಅರ್ಧ ಉಳಿಸ್ತಿದ್ದಾರೆ" ಅಂತ ಅವರ ಎದುರೇ ಹೇಳೋಳು. ಅವರೂ ನಗೋರು.

ಅವಳಿಗೆ ಐವತ್ತೊಂದು ತುಂಬಿದ ವರ್ಷ ಲಕ್ವ ಹೊಡೀತು. ಬಲಗೈ, ಬಲಗಾಲು ಹೋಯ್ತು, ನಾಲಿಗೆ ಬಿದ್ದುಹೋಯ್ತು. ಬುದ್ಧಿಗೇನೂ ಆಗಿಲ್ಲ, ಎಲ್ಲಾ ತಿಳಿಯುತ್ತೆ, ಹೇಳೋಕಾಗಲ್ಲ ಅಷ್ಟೇ ಅಂದ್ರು ಡಾಕ್ಟರು. ಅಷ್ಟೇ ಅಂತೆ. ಆಸ್ಪತ್ರೆಯಲ್ಲಿ ಮಾತು ಕಲಿಸೋ ಮೇಡಂ ಒಬ್ಬರು ಅಕ್ಷರ ಬರೆದ ದೊಡ್ಡ ಹಲಗೆ ಕೊಟ್ರು. ಎಡಗೈ ಬೆರಳಲ್ಲಿ ಒಂದೊಂದೇ ಅಕ್ಷರ ಮುಟ್ಟಿ ತೋರಿಸ್ಬೇಕು, ಎದುರು ಕೂತವರು ಕೂಡಿಸಿ ಓದ್ಬೇಕು. "ದಿನಾ ಒಂದು ಗಂಟೆ ಕೂತ್ಕೊಳ್ಳಿ. ಮೊದಲ ತಿಂಗಳುಗಳಲ್ಲಿ ಬಿಟ್ಟುಬಿಟ್ರೆ ಆಮೇಲೆ ಕಷ್ಟ" ಅಂತ ಭಾವನನ್ನೂ ನನ್ನನ್ನೂ ಕೂರಿಸ್ಕೊಂಡು ಹೇಳಿದ್ರು.

ಮೂರನೇ ವಾರದ ಭಾನುವಾರ ನಾನು ಅಲ್ಲೇ ಇದ್ದೆ. ಅಕ್ಕನ ಬೆರಳು ನಡುಗ್ತಾ ಗ ಮೇಲೆ ಹೋಯ್ತು, ಆಮೇಲೆ ರ, ಆಮೇಲೆ ಕ. ನಡುವೆ ತಪ್ಪಿದ್ಲು, ಮತ್ತೆ ಶುರು ಮಾಡಿದ್ಲು. ಹಣೆ ಮೇಲೆ ಬೆವರು. ನಾನು ಹತ್ತು ತಪ್ಪು ಊಹೆ ಮಾಡಿದ ಮೇಲೆ ಗೊತ್ತಾಯ್ತು, ಗೊರಕೆ. ಅವಳು ಕಣ್ಣಲ್ಲೇ ಗಂಡನ ಕಡೆ ತೋರಿಸಿದ್ಲು. ಇವರ ಗೊರಕೆಯಿಂದ ನಿದ್ದೆ ಇಲ್ಲ ಅಂತ. ಅರ್ಧ ಬಾಯಲ್ಲಿ ನಕ್ಕಳು ನೋಡಿ, ನನಗೆ ಅಳೋದೋ ನಗೋದೋ ತಿಳೀಲಿಲ್ಲ. ಭಾವ ಗಡಿಯಾರ ನೋಡಿದ್ರು. "ಇದನ್ನ ಹೇಳೋಕೆ ಹನ್ನೆರಡು ನಿಮಿಷ. ಪಾಪ, ಎಷ್ಟು ಸುಸ್ತಾಗಿದ್ದಾಳೆ ನೋಡು" ಅಂದ್ರು.

ಮುಂದಿನ ವಾರ ಹೋದಾಗ ಅಕ್ಷರದ ಹಲಗೆ ಬೀರು ಮೇಲಿತ್ತು. ಮಂಚದ ಪಕ್ಕ ಹೊಸ ಹಲಗೆ, ಅದರಲ್ಲಿ ಆರು ಚಿತ್ರ. ನೀರು, ಊಟ, ಫ್ಯಾನು, ನೋವು, ಬಚ್ಚಲು, ಮಗ್ಗುಲು ತಿರುಗಿಸೋದು. ಅಕ್ಕ ಗಂಟೆಯ ದಾರ ಎಳೆದ್ರೆ ಯಾರಾದ್ರೂ ಬರ್ತಾರೆ, ಅವಳು ಒಂದು ಚಿತ್ರ ಮುಟ್ತಾಳೆ, ಕೆಲಸ ಆಯ್ತು. ಭಾವ ಅಳೆದಿದ್ರು, ನಾಲ್ಕು ಸೆಕೆಂಡು. ನೋಡೋಕೆ ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ನಾನೂ ಹೊಗಳಿದೆ. ಸುಳ್ಳು ಯಾಕೆ ಹೇಳ್ಲಿ, ನನಗೂ ಹಗುರಾಯ್ತು. ಆ ಅಕ್ಷರಗಳ ಮುಂದೆ ಕೂತು ಊಹೆ ಮಾಡಿ ಮಾಡಿ ತಲೆ ಸಿಡೀತಿತ್ತು. ಮೂರು ಗಂಟೆ ಇರ್ತಿದ್ದವಳು ಅರ್ಧ ಗಂಟೆಗೇ ಎದ್ದು ಬರೋಕೆ ಶುರು ಮಾಡಿದೆ.

ಅಕ್ಕ ಮೊದಮೊದಲು ಚಿತ್ರಗಳ ಆಚೆ, ಹಲಗೆಯ ಖಾಲಿ ಅಂಚನ್ನ ಮುಟ್ತಿದ್ಲು. ಬೆರಳು ಜಾರ್ತಿದೆ ಅಂದ್ಕೊಂಡು ಭಾವ ಚಿತ್ರಗಳನ್ನ ದೊಡ್ಡದು ಮಾಡಿ ಅಂಚೇ ಇಲ್ಲದ ಹಾಗೆ ಅಂಟಿಸಿದ್ರು. ಆಮೇಲೆ ನೀರು ಶುರುವಾಯ್ತು. ದಿನಕ್ಕೆ ಮೂವತ್ತು ಸಲ, ನಲವತ್ತು ಸಲ, ನೀರು. ಹಗಲು ನೋಡ್ಕೊಳ್ಳೋ ಆಯಾಗೆ ಸಾಕಾಗಿಹೋಯ್ತು. ಭಾವ ಅದಕ್ಕೂ ದಾರಿ ಹುಡುಕಿದ್ರು. ಮಂಚದ ತಲೆಗಂಬಿಗೆ ಬಾಟಲಿ ಕಟ್ಟಿ, ಅದರ ಪೈಪು ಅಕ್ಕನ ಬಾಯಿ ಹತ್ರ ಬರೋ ಹಾಗೆ ಮಾಡಿದ್ರು. ಫ್ಯಾನಿನ ಸ್ವಿಚ್ಚು ಎಡಗೈಗೆ ಸಿಗೋ ಹಾಗೆ ಇಟ್ರು. ಇನ್ನು ಆ ಎರಡು ಚಿತ್ರ ಯಾಕೆ ಅಂತ ಕಿತ್ತು ಹಾಕಿದ್ರು. ಆರು ಇದ್ದದ್ದು ನಾಲ್ಕಾಯ್ತು.

ಎಂಟು ತಿಂಗಳು ಹೀಗೇ ಕಳೀತು. ಒಂದು ಸಂಜೆ ಫ್ಯಾಕ್ಟರಿಯಿಂದ ನೇರ ಅಲ್ಲಿಗೇ ಹೋದೆ. ಭಾವ ಇನ್ನೂ ಬಂದಿರಲಿಲ್ಲ. ಬಾಟಲಿ ಕತ್ತಿನವರೆಗೂ ತುಂಬಿತ್ತು.

"ಈಗ ತಾನೇ ತುಂಬಿದ್ರಾ?" ಅಂದೆ ಆಯಾಗೆ.

"ಬೆಳಿಗ್ಗೆ ತುಂಬಿದ್ದಮ್ಮ. ದಿನಾ ಹೀಗೇ ಉಳಿಯುತ್ತೆ. ಊಟದ ಜೊತೆ ನಾನು ಕುಡಿಸಿದ್ದಷ್ಟೇ."

"ಮತ್ತೆ ಮುಂಚೆ ಅಷ್ಟು ಸಲ ಕೇಳ್ತಿದ್ಲಲ್ಲ?"

"ಕೇಳೋರು. ಒಂದು ಗುಟುಕು ಕುಡಿದು ನನ್ನ ಕೈ ಹಿಡ್ಕೊಂಡುಬಿಡೋರು. ಬಿಡಿಸ್ಕೊಳ್ಳೋಕೆ ಒಂದು ಹೊತ್ತು. ಈಗ ಆ ರಗಳೆ ಇಲ್ಲ."

ನನ್ನ ಮೈಯೆಲ್ಲ ಉರಿದುಹೋಯ್ತು. ಯಾರ ಮೇಲೆ ಅಂತ ಹೇಳ್ಲಿ? ಕುರ್ಚಿ ಹತ್ತಿ ಬೀರು ಮೇಲಿಂದ ಅಕ್ಷರದ ಹಲಗೆ ಎಳೆದೆ, ಧೂಳು ಒರೆಸಿ ಅಕ್ಕನ ಎದುರು ಹಿಡಿದೆ. "ಹೇಳು, ಏನಾದ್ರೂ ಹೇಳು, ನಾನು ಎಲ್ಲಿಗೂ ಹೋಗಲ್ಲ" ಅಂದೆ. ಅವಳು ಹಲಗೆ ನೋಡಿದ್ಲು, ನನ್ನನ್ನ ನೋಡಿದ್ಲು, ಕೈ ಎತ್ತಲಿಲ್ಲ. ಅಷ್ಟರಲ್ಲಿ ಭಾವ ಬಂದ್ರು, ಬಾಗಿಲಲ್ಲೇ ನಿಂತ್ರು.

"ಭಾವ, ಅವಳಿಗೆ ಬಾಯಾರಿಕೆ ಆಗಿರಲಿಲ್ಲ" ಅಂದೆ.

ಅವರು ಬಾಟಲಿ ಕಡೆ ನೋಡಿದ್ರು. ಲೆಕ್ಕದಲ್ಲಿ ಚುರುಕು ಮನುಷ್ಯ, ಎರಡು ಸಲ ಹೇಳೋ ಹಾಗಿರಲಿಲ್ಲ. ಚಪ್ಪಲಿ ಬಿಡೋದನ್ನೂ ಮರೆತು ಒಳಗೆ ಬಂದು ಮಂಚದ ಅಂಚಲ್ಲಿ ಕೂತುಬಿಟ್ರು.

ಒಂದು ತಿಂಗಳು ರಜ ಹಾಕಿದ್ರು. ಮಾತು ಕಲಿಸೋ ಮೇಡಂನ ಮನೆಗೇ ಕರ್ಕೊಂಡು ಬಂದ್ರು. ಆಕೆ ಎರಡು ವಾರ ನೋಡಿ, ಬಿಟ್ಟುಹೋಗಿದೆ, ಮರಳಿ ಬರೋದು ಕಷ್ಟ ಅಂದ್ರು. ನಾನು ಅದನ್ನ ಪೂರ್ತಿ ಒಪ್ಪಲ್ಲ. ಅಕ್ಷರ ಬಿಟ್ಟುಹೋಯ್ತೋ, ಹೇಳೋ ಮನಸ್ಸೇ ಬಿಟ್ಟುಹೋಯ್ತೋ, ಅವಳೇ ಹೇಳ್ಬೇಕಿತ್ತು. ಭಾವ ದಿನಾ ಹಲಗೆ ಹಿಡ್ಕೊಂಡು ಎದುರು ಕೂರ್ತಿದ್ರು. "ನಿಧಾನ ಕಣೇ, ಎಷ್ಟು ಹೊತ್ತು ಬೇಕಾದ್ರೂ ಆಗ್ಲಿ" ಅಂತಿದ್ರು. ಅವಳು ಸ್ವಲ್ಪ ಹೊತ್ತು ನೋಡಿ ಕಣ್ಣು ಮುಚ್ಚಿಬಿಡೋಳು. ಹಾಗೇ ಮೂರು ವರ್ಷ ಬದುಕಿದ್ಲು. ಒಂದಕ್ಷರ ಮುಟ್ಟಲಿಲ್ಲ.

ಮಣ್ಣು ಮಾಡಿ ಬಂದ ದಿನ ಭಾವ ಹಿತ್ತಲಲ್ಲಿ ನನ್ನ ಪಕ್ಕ ನಿಂತ್ಕೊಂಡ್ರು.

"ನಿನಗೆ ಗೊತ್ತಿರ್ಬೇಕಲ್ಲಮ್ಮ, ನೀನು ತಂಗಿ. ಆ ಎಂಟು ತಿಂಗಳು ಅವಳು ಏನು ಹೇಳ್ಬೇಕಂತಿದ್ಲು?"

ಬೈಯಬೇಕು ಅಂತ ಮೂರು ವರ್ಷದಿಂದ ಬಾಯಿ ತುಂಬ ಮಾತು ಇಟ್ಕೊಂಡಿದ್ದೆ.

"ಗೊತ್ತಿಲ್ಲ ಭಾವ" ಅಂದೆ. "ನಾನೂ ಕೇಳಿರಲಿಲ್ಲ."